ಸೋತ ಕೈಗೊಂದು ಹಿಡಿ

ಟುಟ್ಲಿಂಗೆನ್,
ನವೆಂಬರ್ ೧೧, ೧೯೯೭

ನನ್ನ ಹಟಮಾರಿ ಅಪ್ಪನಿಗೆ,

ಹೇಗಿದ್ದೀಯ? ಸರೋವರದ ಗಾಳಿ ಹಿಡಿಸಿದೆಯಾ? ರಾತ್ರಿ ನಿದ್ದೆ ಬರುತ್ತಿದೆಯಾ? ಆ ಆರೈಕೆ ಮನೆಯಲ್ಲಿ ಬೇಳೆಗೆ ಉಪ್ಪೇ ಹಾಕುವುದಿಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ದೂರಿದೆಯಂತೆ. ದೂರುವಷ್ಟು ಚೇತರಿಸಿಕೊಂಡಿದ್ದೀಯಲ್ಲ, ನಮಗೆ ಅಷ್ಟೇ ಸಾಕು. ಲಕ್ವ ಹೊಡೆದ ದಿನ ನಿನ್ನ ಬಾಯಿಂದ ಒಂದು ಮಾತೂ ಹೊರಡದೆ ನಮ್ಮ ಜೀವವೇ ಬಾಯಿಗೆ ಬಂದಿತ್ತು. ಅಮ್ಮ ಚೆನ್ನಾಗಿದ್ದಾಳೆ. ಈ ವಾರ ಮೆಟ್ಟಿಲು ಗುಡಿಸುವ ಸರದಿ ನಮ್ಮದು. ಮೇಲಿನ ಮನೆಯವರು ನೋಡಲಿ ಎಂದೇ ಎರಡೆರಡು ಸಲ ಗುಡಿಸುತ್ತಿದ್ದಾಳೆ. ಆದರೆ ಫೋನು ಇಡುವ ಮೊದಲು ನೀನು ಅವಳಿಗೆ ಹೇಳಿದ ಮಾತು ನನಗೂ ತಲುಪಿತು. "ನನ್ನ ಬೆಂಚು ಅಲೋಯಿಸನಿಗೆ ಕೊಟ್ಬಿಡಿ. ಒಂದು ಮೊಟ್ಟೆ ಒಡೆಯೋಕಾಗದ ಕೈಗೆ ವರ್ಕ್‌ಶಾಪಲ್ಲಿ ಏನು ಕೆಲಸ? ನಾನು ಇಲ್ಲೇ ಇದ್ಬಿಡ್ತೀನಿ." ಅಮ್ಮ ಫೋನಿಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಮೈಯೆಲ್ಲ ಉರಿಯಿತು, ಈಗಲೂ ಆರಿಲ್ಲ. ಅದಿರಲಿ, ಮೊದಲು ಇಲ್ಲಿನ ಸುದ್ದಿ ಕೇಳು.

ಆಪರೇಷನ್ನಿನಲ್ಲಿ ಕರುಳು ಜೋಡಿಸುವ ನಮ್ಮ ಸ್ಟೇಪ್ಲರ್ ಇದೆಯಲ್ಲ, ನೀನು ಹಿಸುಕಿ ನೋಡಿ "ಹೂಂ" ಎಂದು ಕಳಿಸಿದ್ದು? ನಿನ್ನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಈ ಊರಿನಲ್ಲಿ ಯಾರೂ ಕೇಳಿಲ್ಲ, ಹಾಗಾಗಿ ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು. ಎರಡು ವಾರದ ಹಿಂದೆ ಅದನ್ನು ಬಳಸುವ ಶಸ್ತ್ರವೈದ್ಯೆ ಹೈಲ್‌ವಿಗ್ ಮಾಂಗೋಲ್ಡ್ ತಾವೇ ವರ್ಕ್‌ಶಾಪಿಗೆ ಬಂದರು. "ಗಟ್ಟಿಮುಟ್ಟಾಗೇನೋ ಇದೆ, ಆದ್ರೆ ನನ್ನ ಒಂದು ಕೈಗೆ ಬಗ್ಗಲ್ಲ. ಎರಡೂ ಕೈ ಹಾಕಿ ಹಿಸುಕಬೇಕು, ಆಗ ತುದಿ ಅಲ್ಲಾಡುತ್ತೆ" ಎಂದರು. ನಿನ್ನ ಪಕ್ಕದ ಬೆಂಚಿನ ಅಲೋಯಿಸ್ ಅದನ್ನು ತೆಗೆದುಕೊಂಡು ಎರಡು ಬೆರಳಲ್ಲೇ ಮುಚ್ಚಿ ತೋರಿಸಿ, "ಬೆಣ್ಣೆ ಇದ್ದ ಹಾಗಿದೆಯಲ್ಲ ಡಾಕ್ಟ್ರೇ" ಎಂದು ನಕ್ಕ. ಅವರು ನಗಲಿಲ್ಲ. ತಮ್ಮ ಕೈಯನ್ನು ಅವನ ಕೈ ಪಕ್ಕದಲ್ಲಿ ಬೆಂಚಿನ ಮೇಲೆ ಇಟ್ಟರು, ಅಷ್ಟೆ. ಅವನ ಅಂಗೈಯೊಳಗೆ ಅವರ ಇಡೀ ಕೈ ಕೂರುತ್ತಿತ್ತು. ಅಪ್ಪಾ, ನಾವೆಲ್ಲ ಸಣ್ಣಂದಿನಿಂದ ಉಕ್ಕಿಗೆ ಅರ ಉಜ್ಜಿದವರು, ನಾನೂ ಸೇರಿ. ನಮ್ಮ ಕೈಯ ಅಳತೆಗೆ ಹಿಡಿ ಮಾಡಿ, ನಮ್ಮ ಕೈಯಲ್ಲೇ ಪರೀಕ್ಷೆ ಮಾಡಿ, ಹಗುರವಾಗಿದೆ ಎಂದು ನಾವೇ ಶಭಾಷ್ ಹೇಳಿಕೊಂಡು ಕಳಿಸಿದ್ದೇವೆ. ಪೂರ್ತಿ ಹಿಸುಕದಿದ್ದರೆ ಪಿನ್ನುಗಳು ಪೂರ್ತಿ ಮಡಚಿಕೊಳ್ಳುವುದಿಲ್ಲ, ಹೊಲಿಗೆ ಸೋರುತ್ತದೆ. ಹೋದ ತಿಂಗಳು ಹಾಗೆಯೇ ಆಗಿತ್ತಂತೆ. "ಹೊಟ್ಟೆ ಮುಚ್ಚೋಕೆ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ" ಎಂದರು.

ಅಂದಿನಿಂದ ನಾನು ನಕ್ಷೆಯ ಹಲಗೆ ಬಿಟ್ಟು ಎದ್ದಿಲ್ಲ. ಹಿಡಿಯ ಕೀಲನ್ನು, ಕರುಳನ್ನು ಕಚ್ಚುವ ದವಡೆಯ ಕಡೆಗೆ ಸರಿಸಿದೆ. ಒಂದೇ ಹಿಸುಕಿಗೆ ಆಗುತ್ತಿದ್ದ ಕೆಲಸವನ್ನು ಎರಡು ಹಿಸುಕಿಗೆ ಹಂಚಿದೆ, ಶ್ರಮ ಸುಮಾರು ಅರ್ಧಕ್ಕೆ ಇಳಿಯಿತು. ನೀನು ಮುಖ ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹಿಂದೆ ನಾನು ಇದನ್ನೇ ಹೇಳಿದಾಗ, "ಎರಡು ಸಲ ಅಂದ್ರೆ ಯಾರೋ ಒಬ್ಬರು ಒಂದಕ್ಕೇ ನಿಲ್ಲಿಸ್ತಾರೆ" ಎಂದು ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟವನು ನೀನೇ. ನಿನ್ನ ಮಾತು ಸರಿ. ಅದಕ್ಕೇ ಒಳಗೊಂದು ಪುಟ್ಟ ಕೊಂಡಿ ಇಟ್ಟಿದ್ದೇನೆ. ಎರಡನೆಯ ಹಿಸುಕು ಕೊನೆ ಮುಟ್ಟುವವರೆಗೆ ದವಡೆ ಬಾಯಿ ಬಿಡುವುದಿಲ್ಲ. ಕಟುಕನ ಅಂಗಡಿಯಿಂದ ಹಂದಿಯ ಕರುಳು ತಂದು, ಅದರಲ್ಲೇ ಹೊಲಿದು, ಬೀಟ್‌ರೂಟ್ ನೀರು ತುಂಬಿಸಿ ನೇತುಹಾಕಿದೆವು. ಕೆಳಗೆ ಹರಡಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಉಳಿದ ಕರುಳನ್ನು ಫ್ರಿಜ್ಜಿನಲ್ಲಿಟ್ಟಿದ್ದಕ್ಕೆ ಅಮ್ಮ, "ಈ ಮನೇಲಿ ಕರುಳು ಸಾಸೇಜಿಗೆ ಬಂದಿದ್ದಕ್ಕಿಂತ ಹೊಲಿಗೆಗೆ ಬಂದಿದ್ದೇ ಜಾಸ್ತಿ" ಎಂದು ಗೊಣಗಿದಳು.

ಆದರೂ ಕೆಲಸ ಮುಗಿದಿಲ್ಲ. ಡಾಕ್ಟರು ಮತ್ತೆ ಬಂದು ಹಿಡಿದು ನೋಡಿ ಖುಷಿಪಟ್ಟರು, ಆದರೆ "ಕೊನೇಲಿ ಎಲ್ಲೋ ಬಿಗಿಯಾಗಿ ಎಳೆಯುತ್ತೆ, ಎಲ್ಲಿ ಅಂತ ಹೇಳೋಕೆ ನಂಗೆ ಬರಲ್ಲ" ಎಂದರು. ನನಗೂ ಅಲೋಯಿಸನಿಗೂ ಎಲ್ಲಿ ಎಳೆಯುತ್ತದೆ ಎಂದು ಹೇಳಲು ಬರುತ್ತದೆ, ಆದರೆ ನಮ್ಮ ಹಾಳು ಕೈಗಳಿಗೆ ಏನೂ ಎಳೆಯುವುದೇ ಇಲ್ಲ. ತಕ್ಕಡಿಗೆ ಸಿಕ್ಕಿಸಿ ಅಳೆದರೆ ಅಂಕಿ ಬರುತ್ತದೆ. ಅರ್ಧ ದಿನ ನಿಂತು ಸೋತ ಕೈ ಯಾವ ಜಾಗದಲ್ಲಿ ಸಾಕಪ್ಪಾ ಎನ್ನುತ್ತದೆ ಎಂಬುದು ಅದರಲ್ಲಿ ಬರುವುದಿಲ್ಲ. ಹೀಗೆ ಅಲ್ಲಿಗೇ ನಿಂತಿದೆ.

ಅಮ್ಮ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ತಣ್ಣೀರಲ್ಲಿ ಕಾಲಿಡಬೇಡ ಎನ್ನುತ್ತಾಳೆ. ಅಲೋಯಿಸ್ ನಮಸ್ಕಾರ ಹೇಳಿದ್ದಾನೆ. ನಿನ್ನ ಬೆಂಚಿಗೆ ಎಣ್ಣೆ ಒರೆಸಿ ಬಟ್ಟೆ ಹೊದಿಸಿದ್ದಾನೆ, ಬೇರೆ ಯಾರನ್ನೂ ಅದರ ಹತ್ತಿರ ಬಿಡುವುದಿಲ್ಲ. ಮೈ ನೋಡಿಕೋ, ಮಾತ್ರೆ ತಪ್ಪಿಸಬೇಡ.

ನಿನ್ನ "ಹೂಂ" ಕೇಳದೆ ಕಂಗಾಲಾಗಿರುವ ಮಗಳು,
ರೋಸ್‌ವಿತಾ

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಕಾರು ತರುತ್ತೇನೆ, ಪೆಟ್ಟಿಗೆ ಕಟ್ಟಿಕೊಂಡು ಸಿದ್ಧವಾಗಿರು. ನಿನ್ನ ಎಡಗೈ ನನಗೆ ಬೇಡ, ಅದು ಅಲೋಯಿಸನದಷ್ಟೇ ಗಟ್ಟಿ. ಮೊಟ್ಟೆ ಒಡೆಯಲಾಗದ ಆ ಬಲಗೈ ಬೇಕು. ಉಕ್ಕು ಎಲ್ಲಿ ಎಳೆಯುತ್ತದೆ ಎಂದು ಗೊತ್ತಿರುವ, ಅದರ ಮುಂದೆ ಸೋಲುವ ಕೈ ಈ ಊರಿನಲ್ಲಿ ಅದೊಂದೇ. ಅದು ಹಿಸುಕಿ ಮುಚ್ಚಿ, ನೀನು "ಹೂಂ" ಅನ್ನುವವರೆಗೆ ಸ್ಟೇಪ್ಲರ್ ಹೊರಗೆ ಹೋಗುವುದಿಲ್ಲ. ಮತ್ತೆ, ಅಲ್ಲಿ ರಬ್ಬರ್ ಚೆಂಡು ಹಿಸುಕಿಸುತ್ತಾರಂತಲ್ಲ, ಶನಿವಾರದವರೆಗೆ ಅದನ್ನು ಮುಟ್ಟಬೇಡ. ಈಗಲೇ ಕೈಗೆ ಬಲ ಬಂದುಬಿಟ್ಟರೆ ನಮ್ಮ ಕೆಲಸ ಕೆಡುತ್ತದೆ. ಅಲ್ಲಿನ ಡಾಕ್ಟರು ಕೇಳಿದರೆ ಚೆಂಡು ಕಳೆದುಹೋಯಿತು ಎನ್ನು.