ದ್ವೀಪದ ಚಾನೆಲ್ಲೂ ಶುಕ್ರವಾರದ ಫೋನೂ

ದಹ್ರಾನ್, ಸೌದಿ ಅರೇಬಿಯಾ, ಜೂನ್ 2011

ಉಮ್ಮಾ,

ನೀವಿದ್ದಾಗಲೂ ನನ್ನ ಕಾಗದವನ್ನು ಬೇರೆಯವರೇ ಓದಿ ಹೇಳಬೇಕಿತ್ತು. ಈಗ ಕೇಳಲು ನೀವೇ ಇಲ್ಲ; ಆದರೂ ಬರೆಯುತ್ತಿದ್ದೇನೆ.

ಇವತ್ತು ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಕ್ಯಾಲಮ್ ಅವರ ಟೀವಿ ಸರಿಮಾಡಲು ಹೋಗಿದ್ದೆ. ಅವರು ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದರು, ಇಂಗ್ಲಿಷಿನಲ್ಲಲ್ಲ. ಬಿಳಿಯರ ಮನೆಯಲ್ಲೂ ಬೇರೆ ಭಾಷೆ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಗೇಲಿಕ್, ನಮ್ಮ ದ್ವೀಪದ ಮಾತು," ಎಂದರು. "ಆಡುವವರು ಅರವತ್ತು ಸಾವಿರವೂ ಇಲ್ಲ. ಈ ತಿಂಗಳಿಂದ ನಮ್ಮ ಭಾಷೆಯ ಚಾನೆಲ್ ಅಮ್ಮನ ಮನೆಯ ಮಾಮೂಲಿ ಆಂಟೆನಾಕ್ಕೂ ಬರುತ್ತಿದೆ."

ಕರಾವಳಿಯಲ್ಲಿ ನಮ್ಮ ಬ್ಯಾರಿ ಭಾಷೆ ಆಡುವ ನಾವು ಅದಕ್ಕಿಂತ ಎಷ್ಟೋ ಹೆಚ್ಚು ಜನ. ಆದರೆ ಶುಕ್ರವಾರದ ಫೋನಿನಲ್ಲಿ ನೀವು ಮೊಮ್ಮಗಳು ಜಸ್ನಾಳ ಜೊತೆ ಬ್ಯಾರಿ ಶುರು ಮಾಡಿದರೆ ಒಂದೇ ನಿಮಿಷಕ್ಕೆ ನಾನು ಫೋನ್ ಕಸಿದುಕೊಳ್ಳುತ್ತಿದ್ದೆ, ಅವಳ ಇಂಗ್ಲಿಷ್ ಕೆಡುತ್ತದೆಂದು.

ಮನೆಗೆ ಬಂದವನೇ ಜಸ್ನಾಳನ್ನು ಬ್ಯಾರಿಯಲ್ಲಿ ಮಾತಾಡಿಸಿದೆ.

"ಎಂತ, ಬೇಡ ಅಂತಿದ್ದದ್ದು ನೀವೇ ಅಲ್ವಾ?" ಎಂದಳು ನಿಮ್ಮ ಸೊಸೆ.

ಜಸ್ನಾ ಪುಸ್ತಕದಿಂದ ತಲೆಯೆತ್ತದೆ, ಊಟ ಆಯಿತಾ ಎಂದು ಬ್ಯಾರಿಯಲ್ಲೇ ಕೇಳಿದಳು. ಥೇಟ್ ನಿಮ್ಮ ಹಾಗೆ, ಕೊನೆಯಲ್ಲಿ ಉದ್ದಕ್ಕೆ ಎಳೆದು.

ನನ್ನ ಊಟವಾಗಿತ್ತು. ಆದರೂ ಇಲ್ಲವೆಂದೆ, ಅವಳ ಬಾಯಿಂದ ಇನ್ನೊಂದು ಮಾತು ಬರಲಿ ಎಂದು.