ಅಲುಗಿದ ಬಬ್ರುವಾಹನ

ಸದರ್ನ್ ಅವೆನ್ಯೂ, ಕೋಲ್ಕತ್ತಾ
ಜನವರಿ ೧೯, ಭಾನುವಾರ

ಮುದ್ದಿನ ಮೈತ್ರಿಗೆ,

ಸಿಲಿಗುಡಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಶುಂಠಿ ಕಷಾಯ ಕುಡೀತಿದ್ದೀಯಾ, ಬ್ಯಾಂಕಿನ ಚಹಾದಲ್ಲೇ ದಿನ ನೂಕ್ತಿದ್ದೀಯಾ? ನಿನ್ನಮ್ಮನಿಗೆ ಮಂಡಿನೋವು ಇದ್ದೇ ಇದೆ, ನನ್ನ ಮೇಲೆ ರೇಗುವಾಗ ಮಾತ್ರ ಅದು ಇರೋದಿಲ್ಲ. ನಿನ್ನ ಮಗಳು ಅನ್ವಿತಾ ನಮ್ಮಿಬ್ಬರನ್ನೂ ಚೆನ್ನಾಗಿ ಸಾಕ್ತಿದ್ದಾಳೆ.

ಈಗ ನೀನು ಕಳಿಸಿದ ಕ್ಯಾಮೆರಾದ ವಿಷಯ. ಮಾರಾಯ್ತಿ, ಅದು ಸ್ಥಿರಚಿತ್ರ ತೆಗೆಯೋ ಯಂತ್ರ ಅಂದವರು ಯಾರು? ನಿನ್ನೆ ಲೇಕ್ ಮಾರ್ಕೆಟ್ ಹತ್ತಿರದ ಸಭಾಂಗಣದಲ್ಲಿ ಮಕ್ಕಳ ಯಕ್ಷಗಾನ, ಅನ್ವಿತಾ ಬಬ್ರುವಾಹನ. ನಮಗೆ ಸಿಕ್ಕಿದ್ದು ಎಲ್ಲೋ ಹಿಂದಿನೊಂದು ಸಾಲು. “ಅಪ್ಪಯ್ಯ, ಪೂರ್ತಿ ಝೂಮ್ ಹಾಕು, ನಾನೇ ಎದುರು ಕೂತು ನೋಡಿದ ಹಾಗೆ ಇರ್ಬೇಕು” ಅಂದಿದ್ದೆಯಲ್ಲ, ಹಾಕಿದೆ. ಮಗು ಎಷ್ಟು ಹತ್ತಿರ ಬಂತೋ ನನ್ನ ಕೈನಡುಕವೂ ಅಷ್ಟೇ ದೊಡ್ಡದಾಯಿತು. ಮೊದಲ ಫೋಟೋದಲ್ಲಿ ಅವಳಿಗೆ ಹತ್ತು ಕೈ! ಈ ಊರಲ್ಲಿ ಅದಕ್ಕೆ ಪೂಜೆಯಾದರೂ ನಡೆಯುತ್ತೆ ಅನ್ನು. ಎರಡನೆಯದರಲ್ಲಿ ಮೂರು ಮೂಗು, ಅದಕ್ಕೇನು ಮಾಡೋದು? ಮೊಣಕೈ ಪಕ್ಕೆಗೆ ಒತ್ತಿದೆ, ಉಸಿರು ಕಟ್ಟಿದೆ, ಎದ್ದು ಕಂಬಕ್ಕೆ ಒರಗಿದೆ. ಹಿಂದೆ ಕೂತಿದ್ದ ಬಂಗಾಳಿ ಹೆಂಗಸು “ದಾದು, ಬೋಶುನ್ ನಾ!” ಅಂತ ಗದರಿಸಿ ಕೂರಿಸಿಬಿಟ್ಟಳು. ಕಡೆಗೆ ನಿನ್ನಮ್ಮನ ಹೆಗಲನ್ನೇ ಸ್ಟ್ಯಾಂಡ್ ಮಾಡಿಕೊಂಡೆ. ಸ್ಟ್ಯಾಂಡಿಗೆ ಜೀವ ಇರಬಾರದು ನೋಡು. ಬಬ್ರುವಾಹನ ಬಾಣ ಎತ್ತುವ ಹೊತ್ತಿಗೆ ನನ್ನ ಬಾಯಿ ಸುಮ್ಮನಿರದೆ, “ಅರ್ಜುನನ ಅರ್ಧ ಮೀಸೆ ರಾಜೀನಾಮೆ ಕೊಟ್ಟಿದೆ” ಅಂತ ನಿನ್ನಮ್ಮನ ಕಿವಿಯಲ್ಲಿ ಉಸುರಿತು. ಶ್ರೀಮತಿ ಸುಲೋಚನಾದೇವಿಯವರ ಭುಜ ಕುಲುಕಿತು, ಬಾಣ ಮಂಜಾಯಿತು. “ನಿಮ್ಮ ಬಾಯಿಗೊಂದು ಬೀಗ ಇಲ್ವಾ ಮಾರಾಯ್ರೆ? ಮೈತ್ರಿಗೆ ಏನು ತೋರಿಸ್ತೀರಿ ಈಗ?” ಅಂತ ಮನೆ ಬರೋವರೆಗೂ ಬೈದಳು. ತಾನು ನಕ್ಕಿದ್ದು ಲೆಕ್ಕಕ್ಕಿಲ್ಲ! ಪ್ರಿಂಟುಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಒಂದೂ ಚಿತ್ರವಲ್ಲ, ಎಲ್ಲಾ ಚಲನಚಿತ್ರ.

ಅಮ್ಮನ ಆಶೀರ್ವಾದ, ನನ್ನ ಗೊಣಗಾಟ ಎರಡನ್ನೂ ಒಂದೇ ಲಕೋಟೆಗೆ ತುರುಕಿದ್ದೇನೆ. ಬೇಕಾದ್ದು ಆರಿಸಿಕೋ.

ನಿನ್ನ ಅಪ್ಪಯ್ಯ,
ಸುಧಾಕರ

ತಾ.ಕ.: ಒಂದು ಫೋಟೋ ಮಾತ್ರ ಚೂರೂ ಅಲುಗಿಲ್ಲ. ಆಟ ಮುಗಿದ ಮೇಲೆ ಕ್ಯಾಮೆರಾವನ್ನು ಕುರ್ಚಿ ಮೇಲಿಟ್ಟು, ಟೈಮರ್ ಒತ್ತಿ, ಕೈ ತೆಗೆದಿದ್ದೆ. ಅನ್ವಿತಾ ಬಣ್ಣ ತೊಳೆಯೋಕೆ ಒಪ್ಪದೆ ಸಭಾಂಗಣದ ಬಾಗಿಲಲ್ಲೇ ಕೂತಿದ್ದಾಳೆ. “ಅಜ್ಜಾ, ವೇಟ್ ಮಾಡೋಣ. ಅಮ್ಮ ಸಿಯಾಲ್ದಾ ಸ್ಟೇಷನ್ನಲ್ಲಿ ಇಳಿದಿರ್ಬಹುದು, ವೇಷ ನೋಡ್ಬೇಕಲ್ವಾ?” ಅಂದಳು. ಆ ಫೋಟೋವನ್ನು ನಾನು ಕಳಿಸೋದಿಲ್ಲ. ಸರಸ್ವತಿ ಪೂಜೆಗೆ ಅವಳು ಮತ್ತೆ ಬಣ್ಣ ಹಚ್ಚುತ್ತಾಳೆ. ನಾನು ಕ್ಯಾಮೆರಾ ತರೋದಿಲ್ಲ. ಮುಂದಿನ ಸಾಲಲ್ಲಿ ನಿನಗೊಂದು ಕುರ್ಚಿ ಹಿಡಿದಿರ್ತೇನೆ.