ಕೊನೆಯ ಗೂಟ

ಮಗಳೇ,

ಸುಖವಾಗಿ ಬಂದು ಸೇರಿದೆವು. ನಿನ್ನ ತಮ್ಮ ತೀರಿಕೊಂಡ ಮೇಲೆ ಆ ಹಳೆಯ ಕೆರೆದಂಡೆ ಬೇಡವೆನಿಸಿ, ಈ ಸಲ ಗುರುತಿಲ್ಲದ ಗುಡ್ಡದ ಬುಡದಲ್ಲಿ ಟೆಂಟ್ ಹಾಕಿದೆವು. ಸುತ್ತಲೂ ಎಲೆ ಉದುರುತ್ತಿದೆ. ನಿಮ್ಮಪ್ಪ ಮೂರು ಗೂಟ ಹೊಡೆದು, ತಿರುಗಿ ನೋಡದೆ ಸುತ್ತಿಗೆಯನ್ನು ಹಿಂದಕ್ಕೆ ಚಾಚಿದರು. ಕೊನೆಯ ಗೂಟ ಯಾವಾಗಲೂ ಅವನದೇ ಅಲ್ಲವೇ? ಚಾಚಿದ ಕೈ ಹಾಗೇ ಉಳಿಯಿತು. ನಾನೇ ಹೋಗಿ ತೆಗೆದುಕೊಂಡೆ.

"ಓರೆಯಾಗಿ ಹೊಡಿ, ಇಲ್ಲಾಂದ್ರೆ ಕಿತ್ಕೊಂಡ್ ಬರುತ್ತೆ," ಅಂದರು, ಅವನಿಗೆ ಹೇಳುತ್ತಿದ್ದ ಹಾಗೆಯೇ. ಅವನಂತೆ ನಾನೂ ನೆಟ್ಟಗೇ ಹೊಡೆದೆ. ಸಂಜೆಯ ಗಾಳಿಗೆ ಕಿತ್ತುಕೊಂಡು ಬಂತು.

ಅವರ ಮಂಡಿನೋವು ಪರವಾಗಿಲ್ಲ, ಮಾತ್ರೆ ತಪ್ಪಿಸಿಲ್ಲ. ಕಾರ್ಡು ತುಂಬಿತು. ಶನಿವಾರ ಮಗುವನ್ನು ಕರೆದುಕೊಂಡು ಬಂದುಬಿಡು. ಆ ಸುತ್ತಿಗೆ ನನ್ನೊಬ್ಬಳಿಗೆ ಭಾರ.

ಅಮ್ಮ